ಮೀನಿನ ಗಾಡಿಯಲ್ಲಿ ಫಿಶ್ ಟೆಸ್ಟ್

ಮೂತ್ರದ ಬಾಟಲಿ ಐಸ್ ಕರಗಿದ ನೀರಿನಲ್ಲಿ ಮುಳುಗಬಾರದು. ಮುಳುಗಿದರೆ ಮುಚ್ಚಳದ ಸಂದಿಯಿಂದ ನೀರು ಒಳಗೆ ಇಳಿಯುತ್ತದೆ, ಹೆಸರಿನ ಚೀಟಿ ಕಳಚಿಕೊಳ್ಳುತ್ತದೆ. ಐಸಿನಿಂದ ದೂರವೂ ಇರಬಾರದು. ಕೆಳಗೆ ಐಸ್, ಅದರ ಮೇಲೆ ಪ್ಲಾಸ್ಟಿಕ್, ಅದರ ಮೇಲೆ ಬಟ್ಟೆ ಸುತ್ತಿದ ಬಾಟಲಿ. ಇದನ್ನು ನನಗೆ ಕಲಿಸಿದವರು ಬಂಟ್ವಾಳದ ಒಂದು ಲ್ಯಾಬಿನ ಡಾಕ್ಟರ್ ಮೇಡಂ. ಅದಕ್ಕೆ ಮೊದಲು ಐಸಿನಿಂದ ನನಗೆ ಆಗಬೇಕಾದ ಕೆಲಸ ಒಂದೇ ಇತ್ತು. ಬಂಗುಡೆ ಮೀನು ಮಧ್ಯಾಹ್ನದವರೆಗೆ ಕೆಡಬಾರದು.

ನಾನು ಎಂ-ಏಯ್ಟಿ ಮೊಪೆಡ್ಡಿನಲ್ಲಿ ಮೀನು ಮಾರುವ ಬ್ಯಾರಿ, ಕರಾವಳಿಯ ಮುಸಲ್ಮಾನ. ಬಂಟ್ವಾಳದಿಂದ ಹೊರಟು ಸಿದ್ದಕಟ್ಟೆ ದಾಟಿ ಮೂಡಬಿದ್ರೆಯವರೆಗೆ ನನ್ನ ಲೈನು. ಹ್ಯಾಂಡಲಿಗೆ ಒಂದು ರಬ್ಬರ್ ಹಾರ್ನ್ ಕಟ್ಟಿದ್ದೇನೆ, ಅದು ಕೇಳಿದರೆ ಹೆಂಗಸರು ಬಟ್ಟಲು ಹಿಡಿದು ಗೇಟಿಗೆ ಬರುತ್ತಾರೆ. ಶಾಲೆಗೆ ಹೋದದ್ದು ಕಡಿಮೆ. ಇಲ್ಲಿ ಬರೆದ ರೋಗದ ವಿಷಯದಲ್ಲಿ ತಪ್ಪು ಇದ್ದರೆ ಅದು ನಾನು ಕೇಳಿಸಿಕೊಂಡದ್ದರ ತಪ್ಪು, ಮೇಡಂ ಹೇಳಿದ್ದರ ತಪ್ಪಲ್ಲ.

ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಆಗಿತ್ತು. ನಮ್ಮಂಥವರ ಕಿಸೆಗೂ ಮೊಬೈಲ್ ಬಂದ ಕಾಲ. ಮೇಡಂ ನನ್ನ ಗಿರಾಕಿ. ಒಂದು ದಿನ ಬೂತಾಯಿ ಮೀನು ತೆಗೆದುಕೊಳ್ಳುವಾಗ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿದರು. ಸುಡುವ ಬಿಸಿಲು, ಆದರೂ ಐಸ್ ಗಟ್ಟಿ ಇತ್ತು. ಹೇಗೆ ಎಂದು ಕೇಳಿದರು. ಸುತ್ತ ಮರದ ಹುಡಿ ತುಂಬಿಸಿದ್ದೇನೆ ಎಂದೆ. ಆಗ ಅವರು, ಫಿಶ್ ಟೆಸ್ಟಿಗೆ ಸ್ಯಾಂಪಲ್ ತರಲು ನಿನ್ನಂಥ ಜನ ಬೇಕು, ಮಾಡ್ತೀಯಾ ಎಂದರು.

ನನಗೆ ಸಿಟ್ಟು ಬಂತು. ಆ ದಿನಗಳಲ್ಲಿ ಮೀನಿಗೆ ಹೆಣಕ್ಕೆ ಹಾಕುವ ಮದ್ದು ಹಾಕುತ್ತಾರೆ ಎಂದು ಸುದ್ದಿ ಇತ್ತು. “ನನ್ನ ಮೀನಿಗೆ ಮದ್ದು ಹಾಕುದಿಲ್ಲ ಮೇಡಂ. ಟೆಸ್ಟ್ ಮಾಡ್ಬೇಕಾದ್ರೆ ಬೇರೆಯವರದ್ದು ಮಾಡಿ” ಎಂದು ಪೆಟ್ಟಿಗೆ ಮುಚ್ಚಿದೆ.

ಅವರು ಮೆಟ್ಟಿಲ ಮೇಲೆ ಕೂತು ನಕ್ಕರು. ಮತ್ತೆ ಹೇಳಿದರು. ಅದು ಮೀನಲ್ಲ. ಒಂದು ಉದ್ದದ ಇಂಗ್ಲಿಷ್ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿದರೆ ಫಿಶ್ ಎಂದಾಗುತ್ತದೆ, ಅಷ್ಟೆ. ಮೂತ್ರಕೋಶದಲ್ಲಿ ಕ್ಯಾನ್ಸರ್ ಗಡ್ಡೆ ಆಗಿ ಅದನ್ನು ಕೆರೆದು ತೆಗೆದವರಿದ್ದಾರೆ. ಕೆರೆದರೂ ಅದು ತಿರುಗಿ ಬರುತ್ತದೆ. ಕೆಲವರಿಗೆ ಮೇಲಿಂದ ಮೇಲೆ ಬರುತ್ತದೆ, ಮತ್ತೊಮ್ಮೆ ಕೆರೆದರೆ ಆಯಿತು. ಕೆಲವರಿಗೆ ಬೇರು ಗೋಡೆಯೊಳಗೆ ಇಳಿಯುತ್ತದೆ, ಆಮೇಲೆ ಉಳಿಯುವುದು ಕಷ್ಟ. ಯಾರದ್ದು ಯಾವ ಜಾತಿಯದ್ದು ಎಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಮೂತ್ರದಲ್ಲಿ ಉದುರಿ ಬರುವ ಜೀವಕೋಶಗಳನ್ನು ಹಿಡಿದು, ಬಣ್ಣದ ಮದ್ದು ಹಾಕಿ, ಕತ್ತಲೆ ಕೋಣೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆ ಚುಕ್ಕೆಗಳು ಹೊಳೆಯುತ್ತವೆ. ಆ ಚುಕ್ಕೆ ಎಣಿಸಿ, ಮುಂದೆ ಯಾರಿಗೆ ಕಷ್ಟ ಉಂಟು ಎಂದು ಮೊದಲೇ ಹೇಳಲು ಆಗುತ್ತದಾ ಎಂದು ಮೇಡಮೂ ಮಂಗಳೂರಿನ ಒಬ್ಬ ಮೂತ್ರರೋಗದ ಡಾಕ್ಟ್ರೂ ಸೇರಿ ನೋಡುತ್ತಿದ್ದರು.

ಬಾಟಲಿಗಳು ಬರಬೇಕಾಗಿದ್ದದ್ದು ಬೆಳ್ತಂಗಡಿ ಕಡೆಯಿಂದ ಮತ್ತು ಮೂಡಬಿದ್ರೆಯಿಂದ. ಮಂಗಳೂರಿಗೆ ಹೋಗಿ ಕೊಡಲು ಆಗದವರು ಮನೆಯಲ್ಲೇ ಕೊಟ್ಟರೆ ನಾನು ತರುವುದು. ನಾನು ಒಪ್ಪಿದೆ. ಬಾಟಲಿ ಇದ್ದ ದಿನ ಮೀನು ಅರ್ಧಪೆಟ್ಟಿಗೆ. ಬೆಳಿಗ್ಗೆ ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಬೆಳ್ತಂಗಡಿ, ಅಲ್ಲಿಂದ ವೇಣೂರು ದಾಟಿ ಮೂಡಬಿದ್ರೆ, ಮತ್ತೆ ಸಿದ್ದಕಟ್ಟೆ, ಬಂಟ್ವಾಳ. ಹಿಂದೆ ಮೀನಿನ ಪೆಟ್ಟಿಗೆ, ಮುಂದೆ ಕಾಲಿನ ನಡುವೆ ಬಾಟಲಿಯ ಥರ್ಮೋಕೋಲ್ ಪೆಟ್ಟಿಗೆ. ನನ್ನ ತಾಯಿ, ಉಮ್ಮ, ಆ ಪೆಟ್ಟಿಗೆಯನ್ನು ಮನೆಯೊಳಗೆ ಬಿಡಲಿಲ್ಲ. ಅದು ಬಾವಿಕಟ್ಟೆಯ ಆಚೆ ಇರುತ್ತಿತ್ತು. ಬಾಟಲಿ ಮುಟ್ಟಿದ ಅಂಗಿ ತೆಗೆದು, ಮಿಂದು, ಆಮೇಲೆ ನಮಾಜಿಗೆ ಹೋಗುವುದು.

ನಿಯಮ ಹೆಚ್ಚಿಲ್ಲ, ಆದರೆ ಒಂದು ತಪ್ಪಿದರೆ ಎಲ್ಲ ಹಾಳು. ಬೆಳಿಗ್ಗೆ ಎದ್ದ ತಕ್ಷಣದ ಮೂತ್ರ ಬೇಡ. ಅದು ರಾತ್ರಿಯಿಡೀ ಒಳಗೆ ನಿಂತದ್ದು, ಜೀವಕೋಶ ಕೊಳೆತಿರುತ್ತದೆ. ಅದನ್ನು ಬಿಟ್ಟು, ನೀರು ಕುಡಿದು, ಆಮೇಲಿನದ್ದು ಬೇಕು. ಬಾಟಲಿಯಲ್ಲಿ ಮೊದಲೇ ಅರ್ಧದವರೆಗೆ ಒಂದು ದ್ರವ ಇರುತ್ತದೆ, ಸ್ಪಿರಿಟ್ ಸೇರಿಸಿದ್ದು. ಜೀವಕೋಶ ಇದ್ದ ಹಾಗೇ ನಿಲ್ಲುವುದು ಅದರಿಂದ. ಮೇಲಿನ ಗೆರೆಯವರೆಗೆ ಮೂತ್ರ ತುಂಬಿಸಬೇಕು. ತಣ್ಣಗೆ ಇಟ್ಟು ಬೇಗ ತರಬೇಕು. ಮೇಡಂ ಅದನ್ನು ಯಂತ್ರದಲ್ಲಿ ಗಿರಗಿರ ತಿರುಗಿಸಿ ತಳದಲ್ಲಿ ನಿಂತದ್ದನ್ನು ಬೇರೆ ಮದ್ದಿನಲ್ಲಿ ಹಾಕಿ ಮಂಗಳೂರಿಗೆ ಒಯ್ಯುತ್ತಿದ್ದರು.

ಒಮ್ಮೆ ನನ್ನನ್ನೂ ಮಂಗಳೂರಿಗೆ ಕರೆದುಕೊಂಡು ಹೋಗಿ ಆ ಕತ್ತಲೆ ಕೋಣೆಯಲ್ಲಿ ನೋಡಲು ಕೊಟ್ಟರು. ನೀಲಿ ಉಂಡೆಗಳು, ಅವುಗಳೊಳಗೆ ಕೆಂಪು, ಹಸಿರು, ಚಿನ್ನದ ಬಣ್ಣದ ಚುಕ್ಕೆ. ಎಲ್ಲವೂ ಎರಡೆರಡು ಇದ್ದರೆ ಒಳ್ಳೆಯದು. ಮೂರು, ನಾಲ್ಕು, ಐದು ಆದರೆ ಕೆಟ್ಟದ್ದು. ಚಿನ್ನದ ಚುಕ್ಕೆ ಮಾತ್ರ ಉಲ್ಟಾ, ಅದು ಮಾಯವಾದರೆ ಕೆಟ್ಟದ್ದು. ನನಗೆ ಅರ್ಥವಾಯಿತು. ಮೀನು ನಾರುವ ಮೊದಲೇ ಕಿವಿರು ಎತ್ತಿ ನೋಡಿದರೆ ಗೊತ್ತಾಗುತ್ತದೆ. ಅಷ್ಟೇ ಅಲ್ವಾ ಎಂದೆ. ಮೇಡಂ, ಹಾಗೆಯೇ, ಆದರೆ ಕಿವಿರೂ ಕೆಲವೊಮ್ಮೆ ಸುಳ್ಳು ಹೇಳ್ತದೆ ಎಂದರು.

ಅದು ನಿಜ ಎಂದು ನೆರಿಯ ಎಂಬ ಊರಿನ ಒಬ್ಬ ರಬ್ಬರ್ ಟ್ಯಾಪಿಂಗಿನವರ ವಿಷಯದಲ್ಲಿ ಗೊತ್ತಾಯಿತು. ಅವರ ಬಾಟಲಿ ನಾನೇ ತಂದದ್ದು. ಚುಕ್ಕೆ ಎಲ್ಲ ಎರಡೆರಡು. ಆದರೂ ಮುಂದಿನ ಸಲ ಮೂತ್ರಕೋಶದೊಳಗೆ ನಳಿಗೆಯ ಕ್ಯಾಮೆರಾ ಹಾಕಿ ನೋಡುವಾಗ ಗಡ್ಡೆ ಬಂದಿತ್ತು, ಆಳಕ್ಕೂ ಹೋಗಿತ್ತು. ನಾನು ಮೇಡಮನ್ನು ನೇರ ಕೇಳಿದೆ, ಹಾಗಾದರೆ ಈ ಓಡಾಟ ಎಂತಕ್ಕೆ? ಅವರು ಕೈ ತೊಳೆಯುತ್ತಿದ್ದರು. “ನಾವು ರೋಗಿಯನ್ನು ಮಾತ್ರ ಟೆಸ್ಟ್ ಮಾಡುದಲ್ಲ. ಈ ಟೆಸ್ಟನ್ನೂ ಟೆಸ್ಟ್ ಮಾಡುದು. ತಪ್ಪಿದ್ದನ್ನೂ ಬರೆದಿಡ್ಬೇಕು” ಎಂದರು.

ಇಷ್ಟರಲ್ಲಿ ಮೂಡಬಿದ್ರೆಯ ಧಣಿಗಳ ಪ್ರಕರಣ ಬಂತು.

ಅವರು ಜೈನರು. ಪೇಟೆಯಲ್ಲಿ ಪಾತ್ರೆ ಅಂಗಡಿ. ವಯಸ್ಸು ಐವತ್ತು ದಾಟಿದೆ. ಗಡ್ಡೆ ಕೆರೆದು ತೆಗೆದಾಗಲೇ ಅದು ಕೆಟ್ಟ ಜಾತಿಯದ್ದು ಎಂದು ಡಾಕ್ಟ್ರು ಹೇಳಿದ್ದರು. ಆಮೇಲೆ ಮಕ್ಕಳಿಗೆ ಕೊಡುವ ಬಿಸಿಜಿ ಮದ್ದನ್ನೇ ನಳಿಗೆಯಲ್ಲಿ ಮೂತ್ರಕೋಶದೊಳಗೆ ಬಿಟ್ಟಿದ್ದರು. ಅದು ಮುಗಿದು ಕ್ಯಾಮೆರಾ ಹಾಕಿದರೆ ಒಳಗೆ ಅಲ್ಲಲ್ಲಿ ಕೆಂಪು. ಮದ್ದಿನಿಂದ ಕೆಂಪಾದದ್ದೋ ರೋಗದಿಂದಲೋ ಗೊತ್ತಿಲ್ಲ. ಚೂರು ಕತ್ತರಿಸಿ ನೋಡಿದರು, ಅದರಲ್ಲೂ ಖಚಿತವಿಲ್ಲ. ಡಾಕ್ಟ್ರ ಮಾತು ಇಷ್ಟು. ಚುಕ್ಕೆ ಸರಿ ಇದ್ದರೆ ಕೆಲವು ತಿಂಗಳು ಕಾದು ಮತ್ತೆ ಕ್ಯಾಮೆರಾ ಹಾಕುವ. ಕೆಟ್ಟಿದ್ದರೆ ಗೋಡೆಗೆ ಇಳಿಯುವ ಮೊದಲು ಮೂತ್ರಕೋಶವನ್ನೇ ತೆಗೆಯುವ. ಟೆಸ್ಟ್ ಆಗದಿದ್ದರೆ ಕಾಯುವುದು ಅಪಾಯ, ತೆಗೆಯುವುದೇ ಒಳ್ಳೆಯದು. ಧಣಿಗಳು ತೆಗೆಯಲು ಬಿಡುವುದಿಲ್ಲ ಎಂದು ಹೇಳಿ ಎದ್ದು ಬಂದಿದ್ದರು. ಊರಿನಲ್ಲಿ ಯಾರಿಗೂ ವಿಷಯ ಗೊತ್ತಿಲ್ಲ. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ.

ಮೊದಲ ಬಾಟಲಿ ಆ ಮನೆಯ ಅಮ್ಮನೇ, ಅಂದರೆ ಧಣಿಗಳ ಹೆಂಡತಿಯೇ, ಹಿಂಬಾಗಿಲಲ್ಲಿ ಕೊಟ್ಟರು. ಗಾಡಿಯನ್ನು ಬಹಳ ದೂರ ನಿಲ್ಲಿಸಲು, ಅಂಗಡಿಯ ಕಡೆ ಬಾರದಿರಲು ಧಣಿಗಳು ಹೇಳಿದ್ದರು. ನಾನು ಹಾಗೇ ಮಾಡಿ, ಐಸಿನಲ್ಲಿಟ್ಟು, ದಾರಿಯಲ್ಲಿ ಒಂದು ಮೀನೂ ಮಾರದೆ ಬಂಟ್ವಾಳಕ್ಕೆ ತಂದೆ. ಮೇಡಂ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. ಮುಚ್ಚಳ ತೆಗೆದು ಮೂಸಿದರು. ಕೆಟ್ಟಿದೆ ಎಂದು ಅವರ ಮುಖ ನೋಡಿಯೇ ನನಗೆ ಗೊತ್ತಾಯಿತು.

ಆಮೇಲೆ ತಿಳಿದದ್ದು, ಅಮ್ಮನಿಗೆ ಬಾಟಲಿಯಲ್ಲಿ ಸಾರಾಯಿ ವಾಸನೆ ಬಂದಿತ್ತು. ಅವರ ಮನೆಯಲ್ಲಿ ಅದು ಹೊಸ್ತಿಲು ದಾಟುವ ಹಾಗಿಲ್ಲ. ಯಾರೋ ಕುಡಿದ ಬಾಟಲಿ ಕೊಟ್ಟಿದ್ದಾರೆ ಎಂದು ತಿಳಿದು, ಒಳಗಿದ್ದ ದ್ರವ ಚೆಲ್ಲಿ, ಸೀಗೆಪುಡಿ ಹಾಕಿ ತೊಳೆದು, ಬಿಸಿಲಿಗಿಟ್ಟು ಒಣಗಿಸಿ, ಆಮೇಲೆ ಕೊಟ್ಟಿದ್ದರು. ಬಾಟಲಿ ಫಳಫಳ ಹೊಳೆಯುತ್ತಿತ್ತು. ಒಳಗಿನ ಜೀವಕೋಶ ಎಲ್ಲ ಕರಗಿಹೋಗಿತ್ತು.

ಇನ್ನೊಂದು ತರಿಸುವ ಎಂದು ಲ್ಯಾಬಿನ ಹುಡುಗಿ ಅವರ ಮನೆಗೆ ಫೋನ್ ಮಾಡಿದಳು. ಎತ್ತಿದ್ದು ಅಮ್ಮ. ಹುಡುಗಿ, ಫಿಶ್ ಟೆಸ್ಟಿಗೆ ಇನ್ನೊಮ್ಮೆ ಕೊಡಬೇಕು, ಬಾಟಲಿ ಮೀನಿನವನ ಕೈಯಲ್ಲಿ ಕಳಿಸುತ್ತೇವೆ ಎಂದಳು. ಅಮ್ಮ ಕೇಳಿದ ಎರಡು ಮಾತೂ ಮೀನು. ಮೊದಲು ಸಾರಾಯಿ, ಈಗ ಮೀನು. ನಮ್ಮಲ್ಲಿ ಅದೆಲ್ಲ ಆಗುವುದಿಲ್ಲ ಎಂದು ಫೋನ್ ಇಟ್ಟರು. ಮತ್ತೆ ಮಾಡಿದರೆ ಎತ್ತಲಿಲ್ಲ. ಮೇಡಂ ಧಣಿಗಳ ಅಂಗಡಿಗೆ ಮಾಡಿದರು. ಅವರು, ಮನೆಯಲ್ಲಿ ಬೇಡ ಅಂತಾರೆ, ಮತ್ತೆ ನೋಡುವ ಎಂದು ಮುಗಿಸಿದರು.

ಮತ್ತೆ ನೋಡಲು ಸಮಯ ಇರಲಿಲ್ಲ. ಬಣ್ಣದ ಮದ್ದು ದುಬಾರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಹಾಕಲು ಆಗುವುದಿಲ್ಲ, ಹಲವರದ್ದು ಸೇರಿಸಿ ಒಂದೇ ದಿನ ಹಾಕುತ್ತಿದ್ದರು. ಇದ್ದ ಮದ್ದಿನ ಕೊನೆಯ ಸರದಿ ಆ ಗುರುವಾರ. ಅದರ ನಂತರ ಹೊಸತು ಯಾವಾಗ ಬರುತ್ತದೆ ಎಂದು ಮೇಡಂಗೂ ಗೊತ್ತಿಲ್ಲ. ಒಂದು ಸ್ಲೈಡಿನ ಜಾಗ ಖಾಲಿ ಇಟ್ಟಿದ್ದರು.

“ಒತ್ತಾಯ ಮಾಡ್ಲಿಕ್ಕೆ ಇಲ್ಲ” ಎಂದರು ಮೇಡಂ. “ಅದು ಅವರ ಇಷ್ಟ. ಇಲ್ಲಿಗೇ ಬಂದು ಕೊಟ್ರೆ ಬಹಳ ಒಳ್ಳೇದಿತ್ತು, ಆದ್ರೆ ಬಸ್ಸಲ್ಲಿ ಕೂತ್ಕೊಳ್ಲಿಕ್ಕೆ ಆಗುದಿಲ್ಲ ಅಂತಾರೆ.” ಬಿಸಿಜಿ ಮದ್ದಿನಿಂದ ಅವರಿಗೆ ಸ್ವಲ್ಪ ಹೊತ್ತಿಗೊಮ್ಮೆ ಮೂತ್ರಕ್ಕೆ ಓಡಬೇಕಿತ್ತು. ಕಾರು ಮಾಡಿದರೆ ಎಲ್ಲಿಗೆ, ಯಾಕೆ ಎಂದು ಪೇಟೆ ಇಡೀ ಕೇಳುತ್ತದೆ.

ಬುಧವಾರ ನಾನು ಮೀನಿನ ಪೆಟ್ಟಿಗೆಯನ್ನು ಸಿದ್ದಕಟ್ಟೆಯಲ್ಲಿ ಗುರ್ತದವರ ಅಂಗಡಿಯಲ್ಲಿ ಇಳಿಸಿ ಮೂಡಬಿದ್ರೆಗೆ ಹೋದೆ. ಯಾರೂ ಹೋಗು ಅಂದಿರಲಿಲ್ಲ. ಅಂಗಡಿಯಲ್ಲಿ ಒಬ್ಬ ಹೆಂಗಸು ಇಡ್ಲಿ ಪಾತ್ರೆಗೆ ಚೌಕಾಸಿ ಮಾಡುತ್ತಿದ್ದರು. ಧಣಿಗಳು ನನ್ನನ್ನು ನೋಡಿ ಮುಖ ಬಿಗಿದರು.

“ಎಂತ ಬ್ಯಾರಿ, ಪಾತ್ರೆ ಬೇಕಾ?”

“ಪಾತ್ರೆ ತಗೊಳ್ಲಿಕ್ಕೆ ಅಲ್ಲ. ಒಂದು ಪಾತ್ರೆ ತೂತಾಗಿದೆಯಾ ಅಂತ ನೋಡ್ಲಿಕ್ಕೆ ಉಂಟು.”

ಹೆಂಗಸು, ಹಳೆಯದಕ್ಕೆ ಬೆಸುಗೆ ಹಾಕಿಸುವುದಕ್ಕಿಂತ ಹೊಸತು ತೆಗೆದುಕೊಳ್ಳುವುದು ಲಾಭ ಎಂದು ನನಗೆ ಬುದ್ಧಿ ಹೇಳಿ ಹೋದರು. ಧಣಿಗಳು ಅವರು ಮೆಟ್ಟಿಲು ಇಳಿಯುವವರೆಗೆ ಕಾದರು.

“ಅಂಗಡಿಗೆ ಬರ್ಬೇಡ ಅಂತ ಹೇಳಿದ್ದೆ.”

“ಧಣಿಗಳೇ, ಫಿಶ್ ಅಂದ್ರೆ ಮೀನಲ್ಲ. ಅದು ಬರೀ ಹೆಸರು. ಅದ್ರಲ್ಲಿ ಮೀನೂ ಇಲ್ಲ, ಮೀನೆಣ್ಣೆಯೂ ಇಲ್ಲ.”

“ಅದು ನನಗೆ ಗೊತ್ತುಂಟು ಮಾರಾಯ. ಡಾಕ್ಟ್ರು ಮೊದಲೇ ಹೇಳಿದ್ದಾರೆ.”

“ಮತ್ತೆ ಎಂತಕ್ಕೆ ಬೇಡ ಅಂದದ್ದು?”

“ಅವಳು ಮೀನು ಅಂತ ತಿಳ್ಕೊಂಡ್ಳು. ನಾನು ತಿದ್ಲಿಕ್ಕೆ ಹೋಗ್ಲಿಲ್ಲ.”

ಒಂದು ಚೊಂಬು ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದರು. ಅವರ ಮನೆತನದವರು ಬೆಳಿಗ್ಗೆ ಮಿಂದು, ಮಡಿಯಲ್ಲಿ ಬಸದಿಗೆ ಅಭಿಷೇಕದ ನೀರು ಕೊಂಡುಹೋಗುವವರು. ಅಪ್ಪನಿಗೆ ಆಗದೆ ಹೋದ ದಿನದಿಂದ ಅದು ಇವರ ಕೆಲಸ. ಮೂತ್ರಕೋಶ ತೆಗೆದರೆ ಹೊಟ್ಟೆಗೆ ತೂತು ಮಾಡಿ ಹೊರಗೆ ಚೀಲ ಅಂಟಿಸುತ್ತಾರೆ ಎಂದು ಕೇಳಿದ್ದರು. “ಒಂದು ಕೈಯಲ್ಲಿ ಅಭಿಷೇಕದ ನೀರು, ಹೊಟ್ಟೆಯಲ್ಲಿ ಉಚ್ಚೆ ಚೀಲ. ನೀನೇ ಹೇಳು, ಒಳಗೆ ಹೇಗೆ ಹೋಗುದು? ಉತ್ತರ ಬಂದ್ರೆ ಅಲ್ವಾ ಆ ಪ್ರಶ್ನೆ. ಉತ್ತರವೇ ಬೇಡ.”

ನನಗೆ ಉಮ್ಮ ಬಾವಿಕಟ್ಟೆಯ ಆಚೆ ಇಡಿಸಿದ ಪೆಟ್ಟಿಗೆ ನೆನಪಾಯಿತು. ಅವರು ಹೇಳಿದ್ದರಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಆದರೆ ಸುತ್ತಿ ಬಳಸಿ ಮಾತಾಡಲು ನನಗೆ ಬರುವುದಿಲ್ಲ.

“ಉತ್ತರ ಬಾರದಿದ್ರೆ ಅದು ಒಳಗಿಂದ ಎದ್ದು ಹೋಗ್ತದಾ?” ಎಂದೆ.

ಅವರು ಚೊಂಬು ಇಟ್ಟರು. “ಆ ಟೆಸ್ಟ್ ಸರಿಯೇ ಹೇಳ್ತದೆ ಅಂತ ಉಂಟಾ?”

ಹೌದು ಎಂದಿದ್ದರೆ ಸುಲಭ ಇತ್ತು. “ಇಲ್ಲ” ಎಂದೆ. ಒಬ್ಬರದ್ದು ಸರಿ ಉಂಟು ಎಂದು ಬಂದು ಆಮೇಲೆ ತಪ್ಪಿತು ಎಂದು ಹೇಳಿದೆ. ಯಾರು, ಯಾವ ಊರು ಎಂದು ಹೇಳಲಿಲ್ಲ. ಅದು ಕೂಡ ತಪ್ಪುತ್ತದೆ, ಆದರೆ ಏನೂ ನೋಡದೆ ಕೂತರೆ ತಪ್ಪುವುದು ಇನ್ನೂ ಹೆಚ್ಚು ಎಂದು ಮೇಡಂ ಹೇಳಿದ್ದಾರೆ, ನನಗೆ ಗೊತ್ತಿರುವುದು ಅಷ್ಟೇ ಎಂದೆ.

ಅವರು ಎದ್ದು ಒಳಗೆ ಹೋಗಿಬಂದರು. ನಡಿಗೆಯಲ್ಲೇ ಉರಿ ಕಾಣುತ್ತಿತ್ತು. ಬಂದು ಕೂತು, “ಅವಳು ನನಗೆ ಏನೂ ಆಗುದಿಲ್ಲ ಅಂತಾಳೆ. ನೀನೊಬ್ಬ ಬಂದಿದ್ದೀಯ, ಮಾರಿ ಹಾಗೆ” ಎಂದರು. ಮತ್ತೆ, “ಯಾವಾಗ ಕೊಡ್ಬೇಕು?”

“ನಾಳೆ. ನಾಳೆಯೇ ಮದ್ದು ಹಾಕುದು. ನಾಡಿದ್ದಿಗೆ ಇಲ್ಲ.”

“ನಿನ್ನ ಆ ಪೆಟ್ಟಿಗೆಯಲ್ಲಿ ಕೊಡುದಿಲ್ಲ. ಮನೆಯಲ್ಲಿ ಬಾಟ್ಲಿ ತುಂಬಿಸ್ಲಿಕ್ಕೂ ಅವಳು ಬಿಡುದಿಲ್ಲ.”

“ಹಾಗಾದ್ರೆ ಬಾಟ್ಲಿ ಬೇಡ, ನೀವೇ ಬನ್ನಿ. ನನ್ನ ಗಾಡಿಯಲ್ಲಿ ಹೋಗುವ.”

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಮೀನಿನ ಗಾಡಿಯಲ್ಲಿ ನಾನಾ?”

“ಬಸ್ಸಲ್ಲಿ ಬೇಕಾದ್ರೆ ಬಸ್ಸಲ್ಲಿ ಹೋಗಿ. ಕಂಡಕ್ಟರ್ ನಿಮಗೆ ಎಷ್ಟು ಸಲ ನಿಲ್ಲಿಸ್ತಾನೆ?”

ಆ ಸಂಜೆ ಪೆಟ್ಟಿಗೆ ಕಟ್ಟುವ ಕಬ್ಬಿಣವನ್ನೆಲ್ಲ ಬಿಚ್ಚಿದೆ. ಹಿಂದಿನ ಕ್ಯಾರಿಯರನ್ನು ಸೋಪಿನ ಪುಡಿ, ಹುಣಸೆಹುಳಿ, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದೆ. ಹೊಸ ಗೋಣಿ ಮಡಚಿ ಸೀಟು ಮಾಡಿದೆ. ಮೇಡಂಗೆ ಫೋನ್ ಮಾಡಿದಾಗ ಅವರು ಮೊದಲು ಬೈದರು, ಆಮೇಲೆ ದ್ರವ ಹಾಕಿದ ಬಾಟಲಿಯನ್ನು ಯಾವುದಕ್ಕೂ ಕಿಸೆಯಲ್ಲಿ ಇಟ್ಟುಕೋ ಎಂದರು. ಐಸ್ ಇಲ್ಲವಲ್ಲ ಎಂದು ನಾನು ಹೇಳಿದೆ. ನೇರ ಬಂದರೆ ಬೇಡ ಎಂದರು.

ಗುರುವಾರ ಬೆಳಿಗ್ಗೆ ಧಣಿಗಳು ಪೇಟೆಯಿಂದ ಆಚೆ, ಸಿದ್ದಕಟ್ಟೆ ರಸ್ತೆಯ ಒಂದು ಮೋರಿಯ ಹತ್ತಿರ ನಿಂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೈಯಲ್ಲಿ ಮುಚ್ಚಳ, ಹಿಡಿಕೆ ಇರುವ ಹೊಸ ಸ್ಟೀಲ್ ತೂಕುಪಾತ್ರೆ. ಅದರಲ್ಲಿ ಸೋಸಿದ ಕುಡಿಯುವ ನೀರು. ಗಾಡಿಯ ಹತ್ತಿರ ಬಂದು ಮೂಗು ಎಳೆದರು.

“ಸೋಪು ಹಾಕಿದ್ದೀಯಾ?”

“ಮೂರು ಸಲ.”

“ಸಾಲದು” ಎಂದು ಹೇಳಿ ಹತ್ತಿ ಕೂತರು.

ನೇರ ಬಂಟ್ವಾಳಕ್ಕೆ ಹೋಗುವುದು, ಅಲ್ಲೇ ಕೊಡುವುದು. ನನ್ನ ಲೆಕ್ಕ ಇದ್ದದ್ದು ಹಾಗೆ. ಅದು ಒಂದು ಗುಡ್ಡ ಇಳಿಯುವಷ್ಟರಲ್ಲಿ ತಪ್ಪಿತು. ಹಿಂದಿನಿಂದ ನನ್ನ ಭುಜ ಹಿಸುಕಿ ನಿಲ್ಲಿಸು ಎಂದರು. ಮುಖದಲ್ಲಿ ಬೆವರು. ಒಂದು ಗೇರು ಮರದ ಹಿಂದೆ ಹೋದರು. ಬಂದಾಗ, ಬಂದದ್ದು ನಾಲ್ಕು ಚಮಚ, ಉರಿ ಮಾತ್ರ ಕೊಡಪಾನದಷ್ಟು ಎಂದರು.

ನನಗೆ ಅಲ್ಲಿ ಹೊಳೆಯಿತು. ಹೀಗೆ ನಾಲ್ಕು ನಾಲ್ಕು ಚಮಚ ದಾರಿಯಲ್ಲಿ ಹೋಗುತ್ತಾ ಇದ್ದರೆ ಲ್ಯಾಬು ಮುಟ್ಟುವಾಗ ಕೊಡಲು ಏನೂ ಇರುವುದಿಲ್ಲ. ಮೇಡಂಗೆ ಫೋನ್ ಮಾಡಿದರೆ ಅಲ್ಲಿ ರೇಂಜ್ ಇಲ್ಲ. ದಿಬ್ಬದ ಮೇಲೆ ಹತ್ತಿ ಮಾಡಿದೆ. ಎಲ್ಲ ಒಂದೇ ಬಾಟಲಿಗೆ ಸೇರಿಸಬಹುದಾ ಎಂದು ಕೇಳಿದೆ. ಸೇರಿಸಬಹುದು, ಆದರೆ ಮೊದಲ ಹನಿ ಬಿದ್ದ ಮೇಲೆ ತಣ್ಣಗೆ ಇರಬೇಕು, ಈ ಬಿಸಿಲಿಗೆ ಕಿಸೆಯಲ್ಲಿ ಇಟ್ಟರೆ ಹಾಳು ಎಂದರು.

ಐಸ್ ಬೇಕು. ಮೀನಿನ ಐಸ್ ಸಿದ್ದಕಟ್ಟೆಯಲ್ಲಿ ನನ್ನ ಗುರ್ತದವರಲ್ಲಿ ಬೇಕಾದಷ್ಟು ಇತ್ತು. ನಾನು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ಹೇಳಿದ್ದರೆ ಅವರು ಅಲ್ಲೇ ಇಳಿದು ನಡೆದು ಹೋಗುತ್ತಿದ್ದರು. ದಾರಿಯ ಒಂದು ಗೂಡಂಗಡಿಯ ಎದುರು ಐಸ್‌ಕ್ಯಾಂಡಿಯ ಡಬ್ಬಿ ಕಂಡಿತು. ಇದ್ದ ಕ್ಯಾಂಡಿ ಎಲ್ಲ ಕೊಡಿ ಎಂದೆ. ಎಲ್ಲವೂ ಕಿತ್ತಳೆ ಬಣ್ಣದವು. ಧಣಿಗಳು ಕುಡಿಯುವ ನೀರಿನಲ್ಲಿ ಅರ್ಧ ಕುಡಿದು ಅರ್ಧ ಚೆಲ್ಲಿ ತೂಕುಪಾತ್ರೆ ಖಾಲಿ ಮಾಡಿದರು. ಕ್ಯಾಂಡಿಗಳನ್ನು ಕಡ್ಡಿ ಸಮೇತ ಅದರಲ್ಲಿ ಚುಚ್ಚಿ, ಪ್ಲಾಸ್ಟಿಕ್ ಹಾಕಿ, ನಡುವೆ ಬಾಟಲಿ ನಿಲ್ಲಿಸಿದೆವು. ನನ್ನ ತಲೆಯ ಟವೆಲ್ ಸುತ್ತಿದೆ. ಅವರು ಅದನ್ನು ಮಡಿಲಲ್ಲಿ ಅಪ್ಪಿ ಹಿಡಿದು ಕೂತರು.

ಮುಂದಿನದ್ದು ಒಂದು ಮುಚ್ಚಿದ ಅಂಗಡಿಯ ಹಿಂದೆ. ಆಮೇಲಿನದ್ದು ಒಂದು ತೋಡಿನ ಬದಿ. ಪ್ರತಿ ಸಲ ಬಾಟಲಿ ಹಿಡಿದು ಹೋಗುವುದು, ಹಲ್ಲು ಕಚ್ಚಿಕೊಂಡು ಬರುವುದು, ನಾನು ಗೆರೆ ನೋಡುವುದು. ಅರ್ಧ ದಾಟಿತು, ಮುಕ್ಕಾಲು ಬಂತು. ಕ್ಯಾಂಡಿ ಕರಗುತ್ತಿತ್ತು.

ಸಿದ್ದಕಟ್ಟೆಯ ಈಚೆ ಅವರು ಪೊದೆಯ ಹಿಂದೆ ಇದ್ದಾಗ ನನ್ನ ಖಾಯಂ ಗಿರಾಕಿ ಒಬ್ಬರು ಗಾಡಿಯ ಶಬ್ದ ಗುರುತು ಹಿಡಿದು ಬಟ್ಟಲು ತಂದರು. ಬಂಗುಡೆ ಉಂಟಾ ಎಂದರು. ಇಲ್ಲ ಎಂದೆ. ಅವರು ತೂಕುಪಾತ್ರೆಯ ಮುಚ್ಚಳಕ್ಕೆ ಕೈ ಹಾಕಿದರು.

“ಇದ್ರಲ್ಲಿ ಎಂತ ಅಡಗಿಸಿ ಇಟ್ಟಿದ್ದೀಯಾ? ಸಿಗಡಿಯಾ?”

“ಐಸ್‌ಕ್ಯಾಂಡಿ.”

“ಮೀನು ಬಿಟ್ಟು ಕ್ಯಾಂಡಿ ಸುರು ಮಾಡಿದ್ಯಾ? ಹಾಗಾದ್ರೆ ಒಂದು ಕೊಡು, ಮಗು ಹಟ ಮಾಡ್ತಾ ಉಂಟು.”

ಇದು ಮದುವೆ ಮನೆಯ ಆರ್ಡರ್, ಮುಟ್ಟಬಾರದು ಎಂದು ಪಾತ್ರೆಯನ್ನು ಎಳೆದುಕೊಂಡೆ. ಅವರು ಮುಖ ಉಬ್ಬಿಸಿ ಗೇಟಿನಲ್ಲೇ ನಿಂತರು, ಹೋಗಲಿಲ್ಲ. ಪೊದೆಯಿಂದ ಬಿಳಿ ಪಂಚೆಯ ಅಂಚು ಕಾಣುತ್ತಿತ್ತು. ನಾನು ಗಾಡಿ ಅಡ್ಡ ನಿಲ್ಲಿಸಿ, ನಾಳೆ ನಂಗ್ ಮೀನು ತರುತ್ತೇನೆ, ಒಳ್ಳೆಯದು, ದೊಡ್ಡದು ಎಂದು ಬಾಯಿಗೆ ಬಂದದ್ದು ಹೇಳುತ್ತಾ ಹೋದೆ. ಒಳಗೆ ಮಗು ಅತ್ತಿತು. ಅವರು ಹೋದರು.

ಧಣಿಗಳು ಬಂದಾಗ ನಗುತ್ತಿದ್ದಾರೋ ಅಳುತ್ತಿದ್ದಾರೋ ಗೊತ್ತಾಗಲಿಲ್ಲ. ಬಾಟಲಿ ತೋರಿಸಿದರು. ಮೇಲಿನ ಗೆರೆ ಮುಟ್ಟಿತ್ತು. ಅಲ್ಲಿಂದ ಬಂಟ್ವಾಳದವರೆಗೆ ನಾನು ಗಾಡಿಯನ್ನು ಎಷ್ಟು ಓಡುತ್ತದೋ ಅಷ್ಟು ಓಡಿಸಿದೆ. ಅವರು ಭುಜ ಹಿಸುಕಿದರೂ ನಿಲ್ಲಿಸಲಿಲ್ಲ.

ಲ್ಯಾಬಿನಲ್ಲಿ ಮೇಡಂ ಬಾಟಲಿ ಮುಟ್ಟಿ ನೋಡಿದರು. ತಣ್ಣಗಿತ್ತು. ಮೂಸಿದರು. ಯಂತ್ರಕ್ಕೆ ಹಾಕಿದರು. ಅದು ನಿಲ್ಲುವವರೆಗೆ ನಾವು ಮೂವರೂ ನಿಂತೇ ಇದ್ದೆವು. ನಳಿಗೆಯ ತಳದಲ್ಲಿ ಅಕ್ಕಿಯ ನುಚ್ಚಿನಷ್ಟು ಬಿಳಿ ನಿಂತಿತ್ತು. ಮೇಡಂ ತಲೆ ಅಲ್ಲಾಡಿಸಿ, ಸಾಕು ಎಂದರು. ಮೇಲಿನ ನೀರು ಚೆಲ್ಲಿ, ಮದ್ದು ಹಾಕಿ, ಮಂಗಳೂರಿನ ಬಸ್ಸಿಗೆ ಓಡಿದರು. ಆಗ ನೋಡಿದೆ, ಧಣಿಗಳ ಪಂಚೆಯ ಮುಂಭಾಗ ಇಡೀ ಕಿತ್ತಳೆ ಬಣ್ಣ.

ಎರಡು ದಿನ ಬಿಟ್ಟು ಮೇಡಂ ಫೋನ್ ಮಾಡಿದರು. ಅವರು ನನಗೆ ರಿಸಲ್ಟ್ ಹೇಳುವ ಹಾಗಿಲ್ಲ, ಹೇಳಲೂ ಇಲ್ಲ. ಸೋಮವಾರ ಧಣಿಗಳನ್ನು ಮಂಗಳೂರಿಗೆ ಕಳಿಸಬೇಕು, ಅವರು ನಿನ್ನ ಗಾಡಿಯಲ್ಲೇ ಬರುತ್ತೇನೆ ಅಂತಾರೆ, ಬಂಟ್ವಾಳದವರೆಗೆ ಬಿಡು, ಅಲ್ಲಿಂದ ಬಾಡಿಗೆ ಕಾರು ಮಾಡುವ ಎಂದರು. ಅಷ್ಟರಲ್ಲೇ ತಿಳಿಯಿತು. ಸರಿ ಇದ್ದಿದ್ದರೆ ಫೋನಿನಲ್ಲೇ ಮುಗಿಯುತ್ತಿತ್ತು.

ಉಳಿದದ್ದನ್ನು ಧಣಿಗಳೇ ಆಮೇಲೆ ಹೇಳಿದರು. ಕೆಂಪು ನಾಲ್ಕು, ಐದು. ಹಸಿರೂ ಹಾಗೇ. ಚಿನ್ನದ ಚುಕ್ಕೆ ಹೆಚ್ಚಿನವುಗಳಲ್ಲಿ ಇರಲೇ ಇಲ್ಲ. ಡಾಕ್ಟ್ರು ಇದು ಖಚಿತ ಎನ್ನಲಿಲ್ಲ, ಆದರೆ ತಾನಾದರೆ ಕಾಯುವುದಿಲ್ಲ ಎಂದರು. ಧಣಿಗಳು ಚೀಲದ ಪ್ರಶ್ನೆ ಕೇಳಿದರು. ಬೇರು ಹೊರಗೆ ಹೋಗಿರದಿದ್ದರೆ ಕರುಳಿನ ಒಂದು ತುಂಡಿನಿಂದ ಒಳಗೇ ಹೊಸ ಕೋಶ ಹೊಲಿಯಬಹುದು, ಹೊರಗೆ ಚೀಲ ಬೇಕಾಗುವುದಿಲ್ಲ, ತಡ ಮಾಡಿದರೆ ಅದು ಆಗುವುದಿಲ್ಲ ಎಂದರು ಡಾಕ್ಟ್ರು. ಇದನ್ನು ಮೊದಲೂ ಹೇಳಿದ್ದರಂತೆ. ಇವರು ಚೀಲ ಎಂಬ ಮಾತು ಕೇಳಿದ ಮೇಲೆ ಏನನ್ನೂ ಕೇಳಿಸಿಕೊಂಡಿರಲಿಲ್ಲ.

ಆಪರೇಷನ್ ಆಯಿತು. ತೆಗೆದ ಮೂತ್ರಕೋಶವನ್ನು ಕೊಯ್ದು ನೋಡಿದರೆ ಕೆಂಪು ಇದ್ದಲ್ಲೆಲ್ಲ ರೋಗ ಚಪ್ಪಟೆಯಾಗಿ ಹರಡಿತ್ತು. ಗೋಡೆಗೆ ಇಳಿದಿರಲಿಲ್ಲ. ಈ ಸಲ ಕಿವಿರು ನಿಜ ಹೇಳಿತ್ತು. ನೆರಿಯದವರು ಆ ಮಳೆಗಾಲ ದಾಟಲಿಲ್ಲ. ಎರಡನ್ನೂ ಮೇಡಂ ಬರೆದಿಟ್ಟರು. ನಾನೂ ಎರಡನ್ನೂ ಇಲ್ಲಿ ಹೇಳಿದ್ದೇನೆ.

ಧಣಿಗಳು ಈಗ ಬಸದಿಗೆ ನೀರು ಕೊಂಡುಹೋಗುತ್ತಾರೆ. ಒಂದೇ ಕಷ್ಟ. ಕರುಳಿನಲ್ಲಿ ಮಾಡಿದ ಕೋಶಕ್ಕೆ ತುಂಬಿದ್ದು ಗೊತ್ತಾಗುವುದಿಲ್ಲ. ಗಡಿಯಾರ ನೋಡಿ ಎದ್ದು ಹೋಗಬೇಕು. ಅಂಗಡಿಯಲ್ಲಿ ಗಿರಾಕಿ ಇದ್ದರೆ ಗಡಿಯಾರ ಮರೆತುಹೋಗುತ್ತದೆ. ನಾನು ಮೂಡಬಿದ್ರೆ ಪೇಟೆಯ ಆ ಮೂಲೆಗೆ ಬರುವುದು ದಿನಾ ಒಂದೇ ಹೊತ್ತಿಗೆ. ಬಂದ ಕೂಡಲೇ ಹಾರ್ನ್ ಒತ್ತುತ್ತೇನೆ. ಧಣಿಗಳು ಚೌಕಾಸಿಯ ಮಧ್ಯದಲ್ಲೇ ಎದ್ದು ಒಳಗೆ ಹೋಗುತ್ತಾರೆ.

ಮೊನ್ನೆ ಪಕ್ಕದ ಬಟ್ಟೆ ಅಂಗಡಿಯವರು ನನ್ನನ್ನು ನಿಲ್ಲಿಸಿದರು.

“ನಿನಗೆ ಸ್ವಲ್ಪ ಮರ್ಯಾದೆ ಬೇಡ್ವಾ ಮಾರಾಯ? ನಿನ್ನ ಹಾರ್ನ್ ಕೇಳಿದ್ರೆ ಸಾಕು, ಪಾಪ ಜೈನ್ರು ಮೀನಿನ ವಾಸನೆ ತಡಿಲಿಕ್ಕೆ ಆಗದೆ ಒಳಗೆ ಓಡ್ತಾರೆ. ಆಚೆ ಹೋಗಿ ಹಾರ್ನ್ ಹಾಕ್ಲಿಕ್ಕೆ ಆಗುದಿಲ್ವಾ?”

“ಆಗುದಿಲ್ಲ” ಎಂದೆ. ಅಂಗಡಿಯೊಳಗೆ ಇಣುಕಿದೆ. ಧಣಿಗಳು ಒಬ್ಬ ಗಿರಾಕಿಗೆ ಕುಕ್ಕರ್ ತೋರಿಸುತ್ತಾ ಕೂತೇ ಇದ್ದರು. ಇನ್ನೊಮ್ಮೆ ಒತ್ತಿದೆ, ಜೋರಾಗಿ.